ಏನೂ ನಡೆಯದ ದಿನ: ಮುಂಬಯಿ ಕನ್ನಡದಲ್ಲಿ ಸಾಮಾನ್ಯರ ನಿತ್ಯಬದುಕು



ಸಾಮಾನ್ಯ ಜನ ಸಾಹಿತ್ಯದಲ್ಲಿ ಬಂದಿದ್ದಾರೆಯೇ ಎಂದು ಕನ್ನಡದಲ್ಲಿ ಕೇಳುವುದು ಸ್ವಲ್ಪ ತಮಾಷೆಯೇ ಸರಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯ್ದು ದಾಸೋಹ ನಡೆಸಿದ ಮಾರಯ್ಯ, ಲಕ್ಕಮ್ಮ, ಇವರೆಲ್ಲ ಹನ್ನೆರಡನೇ ಶತಮಾನದಲ್ಲೇ ತಾವಾಗಿ ಬಾಯಿಬಿಟ್ಟು ಮಾತಾಡಿದವರು. ಕಾರಂತರ ಚೋಮ 1933ರಲ್ಲಿ ದುಡಿ ಬಾರಿಸಿದ. 1967ರಲ್ಲಿ ಕುವೆಂಪು ಅವರ ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಮಲೆನಾಡಿನ ಮಳೆಯಲ್ಲಿ ಹೊರಟ. ಆದ್ದರಿಂದ ಆ ಪ್ರಶ್ನೆಯನ್ನು ಬದಿಗಿಟ್ಟು ಇವತ್ತು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತೇನೆ. ಸಾಮಾನ್ಯರು ನಮ್ಮ ಬರವಣಿಗೆಯಲ್ಲಿ ಯಾವ ದಿನ ಬರುತ್ತಾರೆ?

ನನ್ನ ತಕರಾರು ಇಷ್ಟು. ಮನೆ ಕೆಡವಿದ ದಿನ ಬರುತ್ತಾರೆ. ಮುಷ್ಕರದ ದಿನ, ಗಲಭೆಯ ದಿನ, ಹಳಿ ದಾಟುವಾಗ ರೈಲಿಗೆ ಸಿಕ್ಕ ದಿನ ಬರುತ್ತಾರೆ. ಅದರ ಹಿಂದಿನ ಮಂಗಳವಾರ ಎಷ್ಟು ಹೊತ್ತಿಗೆ ನೀರು ಹಿಡಿದರು, ಯಾರ ಹತ್ತಿರ ಕೈಸಾಲ ತಂದರು, ಊರಿಗೆ ಮನಿಯಾರ್ಡರು ಮಾಡಿ ಉಳಿದ ದುಡ್ಡಿನಲ್ಲಿ ಯಾವ ಸಿನೆಮಾ ನೋಡಿದರು ಎಂಬುದಕ್ಕೆ ನಮ್ಮಲ್ಲಿ ಜಾಗ ಕಡಿಮೆ. ಏನೂ ನಡೆಯದ ದಿನ ನಮಗೆ ವಿಷಯವೇ ಆಗುವುದಿಲ್ಲ. ಬದುಕಿನ ಹೆಚ್ಚಿನ ಭಾಗ ಕಳೆಯುವುದು ಮಾತ್ರ ಅಂಥ ದಿನಗಳಲ್ಲೇ.

ಈ ಮುಂಬಯಿಯ ಚರಿತ್ರೆಯನ್ನೇ ನೋಡಿ. 1981ರ ಮಳೆಗಾಲದಲ್ಲಿ ಸರ್ಕಾರ ಫುಟ್‌ಪಾತಿನ ಮೇಲಿದ್ದವರನ್ನು ಎಬ್ಬಿಸಲು ಹೊರಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಓಲ್ಗಾ ಟೆಲ್ಲಿಸ್ ತೀರ್ಪು ಬಂತು. ಬದುಕುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಒಪ್ಪಿತು. ಫುಟ್‌ಪಾತಿನಲ್ಲೇ ಉಳಿಯುವ ಹಕ್ಕನ್ನು ಮಾತ್ರ ಕೊಡಲಿಲ್ಲ. ಕೂಲಿಕಾರ ಕೆಲಸದ ಜಾಗದ ಪಕ್ಕದಲ್ಲೇ ಏಕೆ ಮಲಗುತ್ತಾನೆ, ದೂರ ಹೋದರೆ ಅವನ ಕೂಲಿ ಏಕೆ ತಪ್ಪುತ್ತದೆ ಎಂಬ ಲೆಕ್ಕ ಆ ತೀರ್ಪಿನಲ್ಲಿದೆ. ನಿತ್ಯದ ಲೆಕ್ಕವೇ ಅದು. ಆದರೆ ಅದು ದಾಖಲಾಗಲು ಗುಡಿಸಲು ಬೀಳಬೇಕಾಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರದ ಬಗ್ಗೆ ಬಂದ ಬರಹ ರಾಶಿ ಇದೆ. ಅದಕ್ಕೆ ಮೊದಲು ಭೋಂಗಾ ಕೂಗುತ್ತಿದ್ದ ಸಾವಿರಾರು ಬೆಳಗುಗಳ ಬಗ್ಗೆ ಕೇಳಬೇಕೆಂದು ಮೀನಾ ಮೆನನ್ ಮತ್ತು ನೀರಾ ಆಡಾರ್ಕರ್ ಅವರಿಗೆ ಅನ್ನಿಸಿತು. ಗಿರಣಿಗಳ ಪ್ರದೇಶವಾದ ಗಿರಣಗಾಂವದ ಜನರ ಬಾಯಿಂದಲೇ ಕೇಳಿ ಬರೆದ ಅವರ ಪುಸ್ತಕ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಬಹುಪಾಲು ಗಿರಣಿಗಳ ಚಿಮಣಿ ತಣ್ಣಗಾಗಿತ್ತು.

ಮರಾಠಿಯವರ ಅದೃಷ್ಟ ದೊಡ್ಡದು. ಅವರಿಗೆ ಒಳಗಿನಿಂದ ಬರೆಯುವವರು ಬೇಗ ಸಿಕ್ಕರು. ಘಾಟ್‌ಕೋಪರಿನ ಚಿರಾಗನಗರದಲ್ಲಿದ್ದ ಅಣ್ಣಾಭಾವು ಸಾಠೆ ಇದ್ದರು, ನಾರಾಯಣ ಸುರ್ವೆ ಇದ್ದರು. ನಮ್ಮ ಮುಂಬಯಿ ಕನ್ನಡದ ದಾರಿ ಬೇರೆ. ನಮ್ಮ ದೊಡ್ಡ ಬರಹಗಾರರಲ್ಲಿ ಹೆಚ್ಚಿನವರು ಓದಿ, ಆಫೀಸಿನ ಕೆಲಸ ಹಿಡಿದು ಬಂದವರು.

ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾರ್ಮಿಕ ಸಂಘಟನೆಯ ಜಗತ್ತನ್ನು ಕನ್ನಡಕ್ಕೆ ತಂದ ಕಾದಂಬರಿ ಅದು. ನನಗೆ ಅದರ ಮೇಲೆ ಗೌರವ ಇದೆ. ಆದರೆ ಅಲ್ಲಿ ಸಂಘರ್ಷದ ದನಿ ಎಷ್ಟು ಜೋರಾಗಿದೆ ಎಂದರೆ ಅಡುಗೆಮನೆಯ ಸದ್ದು ಕೇಳುವುದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುವಲ್ಲಿಂದ ಕಥೆ ಹಿಡಿಯುತ್ತದೆ. ಆಮೇಲೆ ಟೆಲಿಫೋನು ರಿಂಗಾದರೂ ಭಯ, ಸಹೋದ್ಯೋಗಿ ನಕ್ಕರೂ ಸಂಶಯ. ದಿನನಿತ್ಯದ ಒಂದೊಂದು ಸಣ್ಣ ಮಾತನ್ನೂ ಸಾಕ್ಷ್ಯದಂತೆ ತಿರುಗಿಸಿ ಮುರುಗಿಸಿ ನೋಡುವ ಆ ವಿದ್ಯೆ ಕನ್ನಡದಲ್ಲಿ ಇನ್ನೊಬ್ಬರಿಗೆ ಒಲಿಯಲಿಲ್ಲ. ಆದರೂ ಅಲ್ಲಿ ನಿತ್ಯದ ಬದುಕು ಎದ್ದು ಕಾಣುವುದು ಅದು ಕೈತಪ್ಪುತ್ತಿದೆ ಎಂಬ ಹೆದರಿಕೆಯಿಂದ. ಬಾಂದ್ರಾದ ಸಮುದ್ರದಂಡೆಯಲ್ಲಿದ್ದ ಚಿತ್ತಾಲರು ನಿರುಮ್ಮಳವಾಗಿ ನಿತ್ಯವನ್ನು ಬರೆದದ್ದು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆ ಬರೆದಾಗ ಎಂದು ನನ್ನ ಅಭಿಪ್ರಾಯ. ಒಪ್ಪದವರು ಈ ಸಭೆಯಲ್ಲೇ ಇದ್ದಾರೆ, ಗೊತ್ತು.

ಏನೂ ನಡೆಯದ ದಿನಕ್ಕೆ ಮುಂಬಯಿಯಲ್ಲೇ ಜಾಗ ಮಾಡಿಕೊಟ್ಟವರು ಜಯಂತ ಕಾಯ್ಕಿಣಿ. ಗೋಕರ್ಣದಿಂದ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿ ದುಡಿದವರು. ಅವರ ‘ಒಪೇರಾ ಹೌಸ್’ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚರ್ನಿ ರೋಡಿನ ಹತ್ತಿರದ ಆ ಕಟ್ಟಡಕ್ಕೆ ತನ್ನದೇ ಆದ ಅಧಿಕೃತ ಚರಿತ್ರೆ ಇದೆ. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದ್ದು, ನಾಟಕ ಹೋಗಿ ಸಿನೆಮಾ ಬಂದದ್ದು, 1993ರಲ್ಲಿ ಬಾಗಿಲು ಹಾಕಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆದದ್ದು. ಇವಿಷ್ಟು ಫಲಕದಲ್ಲಿ ಕೆತ್ತುವಂಥ ಸಂಗತಿಗಳು. ಕಾಯ್ಕಿಣಿಯವರಿಗೆ ಬೇಕಾದವನು ಅಲ್ಲಿ ಕಸ ಗುಡಿಸುವ ಇಂದ್ರನೀಲ. ಶೋ ಮುಗಿದು ದೀಪ ಹತ್ತಿದ ಮೇಲೆ ಕುರ್ಚಿಗಳ ಸಾಲಿನಡಿ ಬಗ್ಗಿ ಬಗ್ಗಿ ಗುಡಿಸುವವನ ಕಣ್ಣಿಗೆ ಬೀಳುವುದು ರಾಜನೂ ಅಲ್ಲ, ನಟಿಯೂ ಅಲ್ಲ. ಜನ ಮರೆತುಹೋದ ಸಾಮಾನು. ಅಂಥದರಲ್ಲಿ ಒಂದು ದಿನ ಒಂದು ಥರ್ಮಾಸ್ ಫ್ಲಾಸ್ಕು. ಯಾರದು, ಯಾರಿಗಾಗಿ ತಂದದ್ದು? ಅಷ್ಟರಿಂದಲೇ ಕಥೆ ಹುಟ್ಟುತ್ತದೆ. ಇದನ್ನು ಬರೆಯಬಲ್ಲವನು ಖಾಲಿ ಥಿಯೇಟರಿನಲ್ಲಿ ಕೊನೆಯವರೆಗೆ ಕೂತಿದ್ದಿರಬೇಕು ಎಂದು ಓದುವಾಗ ಅನ್ನಿಸುತ್ತದೆ.

ಅವರದೇ ದಗಡೂ ಪರಬನ ಕಥೆಯಲ್ಲಿ ಮದುವೆ ಮೆರವಣಿಗೆಯ ಕುದುರೆ ಮದುಮಗನನ್ನು ಹೊತ್ತುಕೊಂಡೇ ಓಡುತ್ತದೆ. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಪೋಪಟ್ ಮತ್ತು ಅಸಾವರಿಯ ಮುಂದಿರುವ ಸಮಸ್ಯೆ ಲಗ್ನಪತ್ರಿಕೆಯದು. ಕುಲ, ಮನೆತನ, ಹಿರಿಯರ ಹೆಸರು ಎಂದು ಸಾಲುಸಾಲಾಗಿ ಅಚ್ಚು ಹಾಕಿಸುವ ನಮ್ಮ ಸಮಾಜದಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವರು ಆ ಪತ್ರಿಕೆಯಲ್ಲಿ ಏನು ಹಾಕಬೇಕು? ಇಲ್ಲಿ ಯಾರೂ ಸಾಯುವುದಿಲ್ಲ, ಯಾವ ಗುಡಿಸಲೂ ಬೀಳುವುದಿಲ್ಲ. ಒಂದು ಕಾರ್ಡು, ಅದರ ಮೇಲಿನ ನಾಲ್ಕು ಅಕ್ಷರ, ಅಷ್ಟೇ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಈ ಮುಂಬಯಿ ಕಥೆಗಳಿಗೆ 2018ರ ಡಿಎಸ್‌ಸಿ ಪ್ರಶಸ್ತಿ ಸಿಕ್ಕಿತು. ಕಾಯ್ಕಿಣಿ ಕೆಲವು ಸಲ ತಮ್ಮ ಪಾತ್ರಗಳ ಮೇಲೆ ತುಸು ಹೆಚ್ಚೇ ಬೆಳದಿಂಗಳು ಸುರಿಯುತ್ತಾರೆ ಎಂಬ ಆಕ್ಷೇಪ ಇದೆ. ಪೂರ್ತಿ ಸುಳ್ಳಲ್ಲ. ಆದರೆ ಪಾತ್ರವನ್ನು ಕನಿಕರದಿಂದ ಮೇಲಿನಿಂದ ಬಗ್ಗಿ ನೋಡುವ ಬರಹಕ್ಕಿಂತ ಈ ಬೆಳದಿಂಗಳು ಸಾವಿರ ಪಾಲು ವಾಸಿ.

ಚಿತ್ರಕಲೆಯಲ್ಲಿ ಇದೇ ಮಾತನ್ನು ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಬಗ್ಗೆ ಹೇಳಬಹುದು. ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಈ ಊರಿನಲ್ಲೇ ನಿಂತವರು. ತೈಲವರ್ಣದ ದೊಡ್ಡ ಚಿತ್ರಗಳಿಗಿಂತ ಅವರ ರೇಖಾಚಿತ್ರಗಳನ್ನು ನಾನು ಮುಂದಿಡುತ್ತೇನೆ. ಕುಣಿಯುವವರ, ದುಡಿಯುವವರ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಮುಖದ ವಿವರ ಬಿಟ್ಟು ಬೆನ್ನಿನ ಬಾಗು ಕೊಡುತ್ತಾರೆ. ಆ ಬಾಗಿನಲ್ಲೇ ಭಾರ ಎಷ್ಟೆಂದು ತಿಳಿಯುತ್ತದೆ.

ಇಷ್ಟು ಪುಸ್ತಕ, ಚಿತ್ರಗಳ ಮಾತಾಯಿತು. ನನಗೆ ಹೆಚ್ಚು ಮುಖ್ಯ ಅನ್ನಿಸುವ ಸಂಗತಿ ಇನ್ನೊಂದಿದೆ. ಮುಂಬಯಿಯಲ್ಲಿ ಕನ್ನಡದ ಸಾಮಾನ್ಯ ಮನುಷ್ಯ ಪಾತ್ರವಾಗುವ ಎಷ್ಟೋ ಮೊದಲೇ ಓದುಗನಾಗಿದ್ದ. ಇಲ್ಲಿನ ಕನ್ನಡಿಗರ ಸಂಘಗಳಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಬಂದವು. ಹಗಲಿಡೀ ದುಡಿದವರು ರಾತ್ರಿ ಒಂದೆಡೆ ಸೇರಿ ಭಾರತ ಪಾರಾಯಣ ಮಾಡಿಸುವುದು, ಶನಿ ಮಹಾತ್ಮೆ ಓದಿಸಿ ಅರ್ಥ ಹೇಳಿಸುವುದು ಕರಾವಳಿಯವರು ಇಲ್ಲಿಗೆ ಹೊತ್ತು ತಂದ ರೂಢಿ. ಒಬ್ಬ ರಾಗವಾಗಿ ಓದುತ್ತಾನೆ, ಇನ್ನೊಬ್ಬ ಅರ್ಥ ಬಿಡಿಸುತ್ತಾನೆ, ಕೂತವರಲ್ಲಿ ಅರ್ಧ ಜನ ಹೋಟೆಲಿನವರು. ಕಾವ್ಯಮೀಮಾಂಸೆಯ ಯಾವ ಪುಸ್ತಕದಲ್ಲೂ ಈ ಓದುಗರ ಹೆಸರಿಲ್ಲ.

ರಾತ್ರಿಶಾಲೆಗಳ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಫೋರ್ಟಿನಲ್ಲಿ, ದಾದರಿನ ಆಸುಪಾಸಿನಲ್ಲಿ ಕನ್ನಡ ಮಾಧ್ಯಮದ ರಾತ್ರಿಶಾಲೆಗಳು ನಡೆದವು. ಮೊಗವೀರರು, ಬಿಲ್ಲವರು ತಮ್ಮ ಸಂಸ್ಥೆಗಳ ಮೂಲಕ ನಡೆಸಿದವೂ ಇದ್ದವು. ವಿದ್ಯಾರ್ಥಿ ಎಂದರೆ ಯಾರು? ಊರಲ್ಲಿ ಏಳನೆಯದೋ ಎಂಟನೆಯದೋ ಬಿಟ್ಟು, ಪರಿಚಯದವರೊಬ್ಬರ ಕೈಹಿಡಿದು ಬೊಂಬಾಯಿಗೆ ಬಂದ ಹುಡುಗ. ಮೊದಲು ಮೋರಿಯಲ್ಲಿ ಕಪ್ಪು ಬಶಿ ತೊಳೆಯುವ ಕೆಲಸ. ಆಮೇಲೆ ಫಡ್ಕಾ ಹಿಡಿದು ಟೇಬಲ್ ಒರೆಸುವುದು. ಚುರುಕಾದವನಾದರೆ ಆಫೀಸುಗಳಿಗೆ ಚಹಾ ಒಯ್ಯುವುದು, ಆಮೇಲೆ ಸಪ್ಲೈ, ಕೊನೆಗೆ ಗಲ್ಲಾ. ಬೆಳಕು ಹರಿಯುವ ಮೊದಲೇ ಎದ್ದರೆ ಇಡ್ಲಿಯ ಹೊತ್ತು, ಆಮೇಲೆ ಊಟದ ಹೊತ್ತು. ಮೂರು ಗಂಟೆ ಸುಮಾರಿಗೆ ಗಿರಾಕಿ ಇಳಿದಾಗ ಎರಡು ಬಾಕು ಜೋಡಿಸಿ ಒಂದು ಸಣ್ಣ ನಿದ್ದೆ. ಸಂಜೆ ಆರೂವರೆಗೆ ಶಾಲೆ. ಸಂಜೆಯ ಗಿರಾಕಿಯ ಹೊತ್ತಿಗೇ ಹುಡುಗ ಪುಸ್ತಕ ಹಿಡಿದು ಹೊರಟರೆ ಯಾವ ಸೇಟಿಗೆ ಸಂತೋಷವಾದೀತು? ಬಿಟ್ಟ ಸೇಟುಗಳೂ ಇದ್ದರು, ಬಯ್ದು ಕೆಲಸ ಬಿಡಿಸಿದವರೂ ಇದ್ದರು. ತರಗತಿಯಲ್ಲಿ ಬೀಜಗಣಿತದ ನಡುವೆ ತೂಕಡಿಸಿದ ಹುಡುಗನನ್ನು ಮೇಷ್ಟ್ರು ಎಬ್ಬಿಸುತ್ತಿದ್ದರೋ ಮಲಗಲು ಬಿಡುತ್ತಿದ್ದರೋ ಎಂಬುದು ನನ್ನ ಮಟ್ಟಿಗೆ ಶಿಕ್ಷಣದ ಚರಿತ್ರೆಯ ಪ್ರಶ್ನೆಯೇ ಹೌದು. ಈ ಹುಡುಗರಲ್ಲಿ ಕೆಲವರು ಹೋಟೆಲ್ ಮಾಲೀಕರಾದರು, ವಕೀಲರಾದರು, ಬ್ಯಾಂಕು ಸೇರಿದರು. ಅಂಥವರ ಅಭಿನಂದನ ಗ್ರಂಥಗಳು ನಮ್ಮಲ್ಲಿ ಕಪಾಟು ತುಂಬ ಇವೆ. ಮೋರಿಯಲ್ಲೇ ಉಳಿದವರ ಒಂದು ಪುಟವೂ ಇಲ್ಲ.

ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ ಎಂದು ಎಲ್ಲ ಪತ್ರಿಕೆಗಳೂ ಬರೆದಿವೆ, ಬರೆಯತಕ್ಕದ್ದೇ. ಆದರೆ ಉಡುಪಿ ಹೋಟೆಲು ಎಂದ ಕೂಡಲೇ ನಾವು ಸ್ಥಾಪಕರ ಚರಿತ್ರೆಗೆ ಜಾರುತ್ತೇವೆ. ಊಟದ ಚರಿತ್ರೆಯಲ್ಲಿ ಹೆಂಗಸರಂತೂ ಇನ್ನೂ ಹಿಂದೆ. ಗಿರಣಗಾಂವದಲ್ಲಿ ಸಂಸಾರ ಊರಲ್ಲಿ ಬಿಟ್ಟು ಬಂದ ಸಾವಿರಾರು ಕಾರ್ಮಿಕರಿಗೆ ಚಾಳಿನ ಖೋಲಿಯಲ್ಲೇ ಅಡುಗೆ ಮಾಡಿ ಬಡಿಸುತ್ತಿದ್ದವರು ಖಾನಾವಳಿಯ ಬಾಯಿಗಳು. ಕಿರಾಣಿ ಅಂಗಡಿಯ ಉದ್ರಿ, ಬಡ್ಡಿಯ ಸಾಲ, ತಿಂಗಳ ಕೊನೆಗೆ ಕೈಗೆ ಬಾರದ ದುಡ್ಡು, ಇದರಲ್ಲೇ ಸಿಕ್ಕಿಬಿದ್ದವರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಆವರೆಗೆ ಅವರನ್ನು ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿದವರೇ ಅಪರೂಪ.

ನಮ್ಮ ಕಣ್ಣೆದುರೇ ಇದ್ದೂ ನಾವು ನೋಡದ ಇನ್ನೊಂದು ಗುಂಪಿದೆ. ಬೆಳಿಗ್ಗೆ ಉಪನಗರದ ಯಾವುದಾದರೂ ನಾಕಾದಲ್ಲಿ ನಿಂತು ನೋಡಿ. ಬುಟ್ಟಿ, ಸಲಿಕೆ ಹಿಡಿದು ಕೂಲಿಗೆ ಕರೆಯುವವರನ್ನು ಕಾಯುವ ಗಂಡಸರು ಹೆಂಗಸರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಇರುತ್ತಾರೆ. ಲಂಬಾಣಿ ತಾಂಡಾಗಳಿಂದ ಬಂದವರೂ ಇರುತ್ತಾರೆ. ಈ ಊರಿನ ಗಗನಚುಂಬಿ ಕಟ್ಟಡಗಳಿಗೆ ರೇತಿ ಹೊತ್ತವರು ಅವರು. ಮಹಾನಗರಪಾಲಿಕೆ ಇವತ್ತಿಗೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಆ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇವರ ಮಕ್ಕಳ ಹೆಸರೂ ಸೇರಿದೆ. ಆದರೆ ನಮ್ಮ ಸಂಘಗಳ ಸಭಾಂಗಣಕ್ಕೆ ಇವರು ಬರುವುದಿಲ್ಲ, ನಮ್ಮ ಕಥೆಗಳಿಗೂ ಬರುವುದು ಅಪರೂಪ. ಕರಾವಳಿಯ ಹೋಟೆಲು ಮತ್ತು ಆಫೀಸುಗಳ ಸುತ್ತ ಮುಂಬಯಿ ಕನ್ನಡ ಸಾಹಿತ್ಯ ಒಂದು ನೂರು ವರ್ಷ ಸುತ್ತಿತು. ನಾಕಾದ ಕನ್ನಡ ಅದರ ಕಿವಿಗೆ ಬೀಳಲಿಲ್ಲ. ಇದನ್ನು ಹೇಳುವಾಗ ನಾನೂ ಕರಾವಳಿಯವನೇ ಎಂಬುದು ನೆನಪಿದೆ.

ಹಾಗಾದರೆ ಏನು ಮಾಡಬಹುದು? ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಇಲ್ಲೇ ಕೂತಿರುವುದರಿಂದ ಧೈರ್ಯ ಮಾಡಿ ಹೇಳುತ್ತೇನೆ. ನಮ್ಮ ಜಾತಿ ಸಂಘಗಳ, ಕನ್ನಡ ಸಂಘಗಳ ಹಳೆಯ ಮಾಸಪತ್ರಿಕೆಗಳನ್ನು ಮೊದಲು ಉಳಿಸಿಕೊಳ್ಳಬೇಕು. ಅವುಗಳ ಕವಿತೆಗಳಿಗಾಗಿ ಅಲ್ಲ, ದೇವರಾಣೆ! ನಿಧನವಾರ್ತೆ, ವಿದ್ಯಾರ್ಥಿವೇತನದ ಪಟ್ಟಿ, ವರ ಬೇಕು ಕನ್ಯೆ ಬೇಕು, ಖೋಲಿ ಬಾಡಿಗೆಗಿದೆ, ಊರಿಗೆ ಬಸ್ಸಿನ ಜಾಹೀರಾತು, ಇವುಗಳಿಗಾಗಿ. ಒಂದು ತಲೆಮಾರಿನ ದಿನಗಳೆಲ್ಲ ಆ ಸಣ್ಣ ಅಕ್ಷರಗಳಲ್ಲಿವೆ. ಎರಡನೆಯದು, ರಾತ್ರಿಶಾಲೆಯಲ್ಲಿ ಓದಿದವರಲ್ಲಿ ಇನ್ನೂ ನಮ್ಮೊಂದಿಗಿರುವವರ ಮಾತನ್ನು ದಾಖಲು ಮಾಡುವುದು. ಎಂಬತ್ತರ ಆಸುಪಾಸಿನವರು ಅವರು, ಕಾಯಲು ಹೊತ್ತಿಲ್ಲ. ಸಾಧನೆ ಏನು ಎಂದು ಕೇಳಬೇಡಿ; ಅದಕ್ಕೆ ಅವರ ಬಳಿ ಉತ್ತರ ತಯಾರಿದೆ, ಹತ್ತು ಸನ್ಮಾನಗಳಲ್ಲಿ ಹೇಳಿದ್ದಾರೆ. ಮಲಗುತ್ತಿದ್ದುದು ಎಲ್ಲಿ, ಪೆಟ್ಟಿಗೆ ಇಡುತ್ತಿದ್ದುದು ಎಲ್ಲಿ, ಒಂದೇ ಖೋಲಿಯಲ್ಲಿ ಎಷ್ಟು ಮಂದಿ, ಪಾಳಿಯಲ್ಲಿ ಮಲಗುವವರ ಜಗಳ ಹೇಗೆ ತೀರುತ್ತಿತ್ತು, ಊರಿಂದ ಬಂದ ಕಾಗದ ಓದಿ ಹೇಳುತ್ತಿದ್ದವರು ಯಾರು ಎಂದು ಕೇಳಿ.

ನಾಕಾದವರ ಮಾತು ಬೇಕಾದರೆ ಭಾನುವಾರದ ಸಭೆಗೆ ಅವರನ್ನು ಕರೆದರೆ ಪ್ರಯೋಜನವಿಲ್ಲ, ಭಾನುವಾರವೂ ಕೂಲಿ ಸಿಕ್ಕರೆ ಅವರು ಹೋಗುತ್ತಾರೆ. ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಕೆಲಸ ಸಿಗದವರು ಆಗ ಅಲ್ಲೇ ಚಹಾ ಅಂಗಡಿಯ ಪಕ್ಕ ಉಳಿದಿರುತ್ತಾರೆ. ಹೋಟೆಲಿನವರನ್ನು ಕಾಣಬೇಕಾದರೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಅದು ಅವರ ನಿದ್ದೆಯ ಹೊತ್ತು, ಆದ್ದರಿಂದ ಮೊದಲೇ ಕೇಳಿಕೊಂಡು ಹೋಗಿ.