ರೈಲಿನಲ್ಲಿ ಮೌನವಾಗಿ, ಮನೆಯಲ್ಲಿ ಗಟ್ಟಿಯಾಗಿ



ಇಂದಿನ ಮಾತು ಓದುವ ಹುಚ್ಚು ಇರುವವರ ಬಗ್ಗೆ. ವರ್ತಕ ನಗರದಲ್ಲೋ ಡೊಂಬಿವಲಿಯಲ್ಲೋ ಮನೆ ಮಾಡಿಕೊಂಡು, ಮುಂಬಯಿಗೆ ಕೆಲಸಕ್ಕೆ ಹೋಗಿಬರುತ್ತ, ಚೀಲದಲ್ಲಿ ಡಬ್ಬಿಯ ಪಕ್ಕ ಒಂದು ಕನ್ನಡ ಪುಸ್ತಕ ಇಲ್ಲದಿದ್ದರೆ ಏನೋ ಮರೆತು ಬಂದಂತೆ ಚಡಪಡಿಸುವವರ ಬಗ್ಗೆ. ನಿಮ್ಮಲ್ಲಿ ಅನೇಕರು ಅಂಥವರೇ ಎಂಬ ನಂಬಿಕೆ ನನ್ನದು.

"ಈ ಊರಲ್ಲಿ ಓದೋದಕ್ಕೆ ಪುರಸೊತ್ತು ಎಲ್ಲಿದೆ?" ಎಂದು ಕೇಳುವವರಿಗೆ ನಮ್ಮಲ್ಲಿ ಒಂದೇ ಉತ್ತರ: ಲೋಕಲ್ ಗಾಡಿ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ನಮ್ಮ ಠಾಣೆಯಲ್ಲಿ. ಆ 34 ಕಿಲೋಮೀಟರ್ ದಾರಿಯೇ ಇವತ್ತಿಗೂ ನಮ್ಮ ವಾಚನಾಲಯ. ಕಲ್ಯಾಣದವರಿಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಹೆಚ್ಚು. ಅಂದರೆ ನಾಲ್ಕಾರು ಪುಟ ಹೆಚ್ಚು!

ಓದುಗನನ್ನು ಗುರುತಿಸುವುದು ಸುಲಭ. ಎಲ್ಲರೂ ಫಾಸ್ಟ್ ಗಾಡಿಗೆ ಮುಗಿಬೀಳುವಾಗ ಆತ ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲಿಗೆ ಕಾಯುತ್ತಾನೆ. ಹದಿನೈದು ನಿಮಿಷ ತಡವಾದರೂ ಕೂರಲು ಜಾಗ ಸಿಕ್ಕರೆ ಸುಮಾರು ಒಂದು ಗಂಟೆ ಪೂರ್ತಿ ಅವನದು. ನಾಲ್ಕನೇ ಸೀಟು ಸಿಕ್ಕರೂ ಸರಿ, ಅರ್ಧ ದೇಹ ಹೊರಗಿದ್ದರೂ ಪುಸ್ತಕ ಒಳಗಿರುತ್ತದೆ. ಪಕ್ಕದಲ್ಲಿ ಭಜನೆಯವರು ತಾಳ ಹಾಕುತ್ತಿರಲಿ, ಮಹಿಳೆಯರ ಡಬ್ಬಿಯಲ್ಲಿ ರಾತ್ರಿಯ ಅಡುಗೆಗೆ ಬಟಾಣಿ ಸುಲಿಯುತ್ತಿರಲಿ, ಓದು ನಿಲ್ಲುವುದಿಲ್ಲ. ನಿಂತೇ ಹೋಗಬೇಕಾದ ದಿನ ಒಂದು ಕೈಗೆ ಹಿಡಿಕೆ, ಇನ್ನೊಂದು ಕೈಗೆ ಫೋನಿನ ಪುಸ್ತಕ. ಮಳೆಗಾಲದಲ್ಲಿ ಮಾತ್ರ ಪುಸ್ತಕಕ್ಕೊಂದು ಪ್ಲಾಸ್ಟಿಕ್ ಚೀಲ. ತಾನು ನೆನೆದರೂ ಚಿಂತೆಯಿಲ್ಲ, ಪುಸ್ತಕ ನೆನೆಯಬಾರದು.

ರೈಲಿಗೆ ಯಾವ ಪುಸ್ತಕ ಎಂಬುದೂ ಅನುಭವದಿಂದಲೇ ತಿಳಿಯಬೇಕು. ದಪ್ಪ ಕಾದಂಬರಿ ಭಾನುವಾರಕ್ಕೆ, ಸಣ್ಣಕತೆ ಸೋಮವಾರಕ್ಕೆ. ಒಂದು ಕತೆ ಠಾಣೆಯಲ್ಲಿ ಶುರುವಾದರೆ ದಾದರಿಗೆ ಮುಗಿಯಬೇಕು. ಈ ವಿಷಯದಲ್ಲಿ ನಾವು ಪುಣ್ಯವಂತರು. ನಾವು ದಿನವೂ ಹಾದುಹೋಗುವ ಊರನ್ನೇ ಬರೆದ ಕನ್ನಡದ ದೊಡ್ಡ ಲೇಖಕರು ನಮಗಿದ್ದಾರೆ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ಸಾಲಿನ ಡಿಎಸ್‌ಸಿ ಬಹುಮಾನ ಪಡೆದವು. ಇಂಥ ಕತೆಯೊಂದನ್ನು ಲೋಕಲಿನಲ್ಲಿ ಓದಿ ತಲೆಯೆತ್ತಿದರೆ, ಕತೆಯೊಳಗಿನವರೇ ಎದುರಿನ ಸೀಟಿನಲ್ಲಿ ತೂಕಡಿಸುತ್ತಿರುವಂತೆ ಕಾಣುತ್ತದೆ.

ಇಷ್ಟು ಪ್ರಯಾಣದ ಓದಿನ ಮಾತು. ಇನ್ನು ಮನೆಗೆ ಬರೋಣ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅಲ್ಲೇ ಇದೆ.

ಸ್ಟೇಷನ್ನಿನಿಂದ ಬಸ್ಸು ಹಿಡಿದು, ಪೋಖರಣ್ ರಸ್ತೆಯ ಗದ್ದಲ ದಾಟಿ, ವರ್ತಕ ನಗರ ನಾಕಾದಲ್ಲಿ ಇಳಿದು ಮನೆ ಸೇರುತ್ತೀರಿ. ಚಿಕ್ಕ ಮನೆ. ಪುಸ್ತಕಗಳಿಗೆ ಸಿಕ್ಕಿರುವುದು ದಿವಾನಿನ ಹೊಟ್ಟೆ, ಅಡುಗೆಮನೆಯ ಲಾಫ್ಟು, ಟಿವಿ ಪಕ್ಕದ ಒಂದು ಗಾಜಿನ ಕಪಾಟು. ಗೆದ್ದಲು ಹಿಡಿಯದಂತೆ ಬೇವಿನ ಎಲೆ ಇಟ್ಟಿದ್ದೀರಿ, ಮಳೆಗಾಲ ಮುಗಿದ ಮೇಲೆ ಬಿಸಿಲಿಗೂ ಹಾಕುತ್ತೀರಿ. ಆದರೆ ಒಂದು ಪ್ರಶ್ನೆ. ಆ ಕಪಾಟಿನಿಂದ ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಒಂದು ಪುಸ್ತಕ ತೆಗೆದು ಎಷ್ಟು ದಿನವಾಯಿತು?

ನಮ್ಮ ಮಕ್ಕಳ ತಪ್ಪೇನಿಲ್ಲ. ಅವರು ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಶಾಲೆಯಲ್ಲಿ ಮರಾಠಿ, ಹಿಂದಿ. ಅಜ್ಜಿಯ ಜೊತೆ ಚೆನ್ನಾಗಿ ಕನ್ನಡ ಆಡುತ್ತಾರೆ, ಕೆಲವರ ಮನೆಯಲ್ಲಿ ತುಳು ಅಥವಾ ಕೊಂಕಣಿ. ಆದರೆ ಕನ್ನಡ ಅಕ್ಷರ ಕಂಡರೆ ಅವರಿಗೆ ಅದು ರಂಗೋಲಿ. ಅಪ್ಪ ಮೂವತ್ತು ವರ್ಷ ಕೂಡಿಟ್ಟದ್ದು ಏನು ಎಂದು ಮಗನಿಗೆ ಗೊತ್ತಿಲ್ಲದಿದ್ದರೆ, ಮನೆಗೆ ಬಣ್ಣ ಬಳಿಸುವ ದಿನ ಅದು ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಆಗ ಕಾರಂತರಿಗೂ ಹಳೆಯ ಪೇಪರಿಗೂ ಕಿಲೋಗೆ ಒಂದೇ ದರ.

ಇದಕ್ಕೆ ದಾರಿ ಇಲ್ಲವೇ? ಇದೆ. ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ನಮ್ಮ ನೆರೆಯ ಪುಣೆಯಲ್ಲಿರುವ ಉಮಾ ಕುಲಕರ್ಣಿಯವರು ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ', 'ಪರ್ವ' ಮುಂತಾದ ಕಾದಂಬರಿಗಳನ್ನು ಮರಾಠಿಗೆ ತಂದವರು. ಬೆಳಗಾವಿಯ ಕಡೆಯವರಾದ ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಲಿಪಿ ಓದಲು ಬರುತ್ತಿರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ತುಂಬಿಸಿಡುತ್ತಿದ್ದರು. ಇವರು ಅದನ್ನು ಕೇಳಿ ಮರಾಠಿಯಲ್ಲಿ ಬರೆಯುತ್ತಿದ್ದರು. ಇಂದು ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಭೈರಪ್ಪನವರನ್ನು ತಮ್ಮವರೇ ಎಂಬಂತೆ ಓದುತ್ತಾರೆ. ಅದರ ಹಿಂದೆ ಇರುವುದು ಒಂದು ಮನೆಯಲ್ಲಿ ಒಬ್ಬರು ಓದಿದ್ದು, ಇನ್ನೊಬ್ಬರು ಕೇಳಿದ್ದು.

ಹಾಗಾದರೆ ನಮ್ಮ ಮನೆಯಲ್ಲಿ ಯಾಕೆ ಆಗಬಾರದು? ರೈಲಿನಲ್ಲಿ ಮೌನವಾಗಿ ಓದಿದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಊಟವಾದ ಮೇಲೆ ಹತ್ತೇ ನಿಮಿಷ. ಪಾಠ ಮಾಡುವ ಧಾಟಿ ಬೇಡ, ಅರ್ಥ ಬಿಡಿಸುವುದೂ ಬೇಡ. ಕತೆ ಕುತೂಹಲದ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿ ಮಲಗಿಬಿಡಿ. "ಮುಂದೇನಾಯ್ತಪ್ಪಾ?" ಎಂದು ಮಗು ಕೇಳಿದ ದಿನ ನೀವು ಗೆದ್ದಿರಿ. ಮುಂದಿನದನ್ನು ತಾನೇ ಓದಬೇಕು ಎಂಬ ಆಸೆ ಹುಟ್ಟಿದರೆ ಅಕ್ಷರ ಕಲಿಯಲು ಒಂದು ಬೇಸಿಗೆ ರಜೆ ಸಾಕು. ಈ ಊರಿಗೆ ಇದು ಹೊಸತೇನೂ ಅಲ್ಲ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ನಮ್ಮ ಹುಡುಗರು ಹಿಂದೆ ಕೋಟೆ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ದಣಿದ ಕಣ್ಣಿನಲ್ಲೇ ಅಕ್ಷರ ಕಲಿತು ಮೇಲೆ ಬಂದವರು. ಅವರಿಗೆ ಇಲ್ಲದ ಪುರಸೊತ್ತು ನಮಗಿದೆ.

ಇನ್ನೊಂದು ಕೆಲಸ. ನಿಮ್ಮ ಪುಸ್ತಕಗಳ ಪಟ್ಟಿಯೊಂದನ್ನು ಮಾಡಿಡಿ. ನಿಮಗೆ ಬೇಡವಾದದ್ದನ್ನು ರದ್ದಿಗೆ ಹಾಕುವ ಮೊದಲು ಹತ್ತಿರದ ಕನ್ನಡ ಸಂಘದಲ್ಲಿ ಒಮ್ಮೆ ವಿಚಾರಿಸಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮಾಹಿಮಿನ ಕರ್ನಾಟಕ ಸಂಘ 1933ರಿಂದ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ. ನಮ್ಮ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿದೆ. ತಮ್ಮ ಭಾಷೆಯ ಪುಸ್ತಕಗಳನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ನೋಡಲು ಒಂದು ಸಂಜೆ ಮಕ್ಕಳೊಂದಿಗೆ ಅಲ್ಲಿಗೆ ಹೋಗಿಬನ್ನಿ.

ರೇಡಿಯೋದವರಿಗೆ ದನಿಯ ಮೇಲೆ ಸ್ವಲ್ಪ ಮೋಹ ಹೆಚ್ಚು. ಆದರೂ ಹೇಳುತ್ತೇನೆ: ನಿಮ್ಮ ಮಗುವಿಗೆ ನನ್ನ ದನಿಗಿಂತ ನಿಮ್ಮ ದನಿಯಲ್ಲಿ ಕೇಳಿದ ಕನ್ನಡವೇ ಹೆಚ್ಚು ಕಾಲ ನೆನಪಿರುತ್ತದೆ. ಇವತ್ತು ರಾತ್ರಿ ಯಾವ ಪುಸ್ತಕ ತೆಗೆದಿರಿ, ಯಾರು ಕೇಳಿದರು ಎಂದು ನಮಗೆ ಬರೆದು ತಿಳಿಸಿ.