ಕಬ್ಬಿನ ನಾಡಿನ ಮಕ್ಕಳಿಗೆ ಕಡಲಿನ ಪಾಠ

ಸಮೀರವಾಡಿ ಬಾಗಲಕೋಟೆ ಜಿಲ್ಲೆಯ ಊರು. ಸುತ್ತಲೂ ಕಬ್ಬು, ನಡುವೆ ಸಕ್ಕರೆ ಕಾರಖಾನೆ. ಇಲ್ಲಿಂದ ಅರಬ್ಬೀ ಸಮುದ್ರಕ್ಕೆ ನಕಾಶೆಯ ಮೇಲೆ ನೇರವಾಗಿ ಗೆರೆ ಎಳೆದರೂ ಸುಮಾರು 160 ಕಿಲೋಮೀಟರ್ ಆಗುತ್ತದೆ. ನಡುವೆ ಸಹ್ಯಾದ್ರಿ ಬೇರೆ. ಇಂಥ ಕಡೆಯ ಮಕ್ಕಳಿಗೆ ಸಮುದ್ರದ ಪಾಠ ಹೇಳುವುದು ಹೇಗೆ ಎಂಬುದೇ ನನ್ನ ಇಂದಿನ ಮಾತು.

ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು, "ಸರ, ಸಮುದ್ರ ಅಂದ್ರ ಆಲಮಟ್ಟಿ ಹಿನ್ನೀರಿಗಿಂತ ದೊಡ್ಡದಿರತೈತೇನ್ರಿ?" ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ತಾನು ಕಂಡ ಅತಿ ದೊಡ್ಡ ನೀರನ್ನು ಅಳತೆಗೋಲು ಮಾಡಿಕೊಂಡು ಅವನು ಕಾಣದ ನೀರನ್ನು ಅಳೆಯಹೊರಟಿದ್ದ. ಮಹಾಸಾಗರಗಳ ಹೆಸರನ್ನು ಉರು ಹಾಕಿ ಒಪ್ಪಿಸಿದ ಜಾಣರು ಅಷ್ಟನ್ನೂ ಮಾಡಿರಲಿಲ್ಲ. ಅಂದಿನಿಂದ ನಾನು ನಕಾಶೆಯ ನೀಲಿ ಬಣ್ಣದಿಂದ ಪಾಠ ಆರಂಭಿಸುವುದನ್ನು ಬಿಟ್ಟೆ.

ಗೋಕರ್ಣಕ್ಕೆ ಹೋಗಿದ್ದ ಸ್ನೇಹಿತರೊಬ್ಬರು ಎರಡು ಬಾಟಲಿ ಸಮುದ್ರದ ನೀರು ತಂದುಕೊಟ್ಟರು. ಅದನ್ನು ಅಗಲವಾದ ತಾಟುಗಳಲ್ಲಿ ಸುರಿದು ಮಾಳಿಗೆಯ ಬಿಸಿಲಿಗೆ ಇಟ್ಟೆವು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದ ಮೇಲೆ ತಳದಲ್ಲಿ ಬಿಳಿಯ ಪದರು ಉಳಿಯಿತು. ಮಕ್ಕಳು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ಮುಖ ಕಿವುಚಿದರು. ಉಪ್ಪಿನ ಜೊತೆಗೆ ಕಹಿಯೂ ಇತ್ತು! ಅದು ಮೆಗ್ನೀಷಿಯಂ ಲವಣಗಳ ಕಹಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಂಥಲ್ಲಿ ಅಡುಗೆಯ ಉಪ್ಪು ಹರಳುಗಟ್ಟಿದೊಡನೆ ಅದನ್ನು ಎಳೆದು ತೆಗೆದು, ಉಳಿದ ಕಹಿ ನೀರನ್ನು ಬೇರೆ ಮಾಡುತ್ತಾರೆ ಎಂದೆ. ಕಾರಖಾನೆಯ ಕೆಲಸಗಾರರ ಮಗಳೊಬ್ಬಳು ಕೂಡಲೆ, "ಹಂಗಾದ್ರ ಅದು ಉಪ್ಪಿನ ಕಾಕಂಬಿ ಅಲ್ಲೇನ್ರಿ?" ಎಂದಳು. ಕಬ್ಬಿನ ರಸ ಕುದಿದು ಸಕ್ಕರೆ ಹರಳಾದ ಮೇಲೆ ಹರಳಾಗದೆ ಉಳಿಯುವುದೇ ಕಾಕಂಬಿಯಲ್ಲವೆ? ನಾನು ಅರ್ಧ ಗಂಟೆ ಹೇಳಬೇಕೆಂದಿದ್ದುದನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಮುಗಿಸಿದಳು.

ಜಲಚರಗಳ ಪಾಠಕ್ಕೆ ತಿಮಿಂಗಿಲದ ಚಿತ್ರವೇ ಬೇಕೆಂದಿಲ್ಲ. ಲೋಕಾಪುರ, ಬಾಗಲಕೋಟೆಗಳ ಸುತ್ತಿನ ಸುಣ್ಣಕಲ್ಲನ್ನು ನಮ್ಮ ಮಕ್ಕಳು ದಿನವೂ ತುಳಿಯುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವೊಂದಿತ್ತು. ಅದರ ತಳದಲ್ಲಿ ಕಟ್ಟಿಕೊಂಡ ಈ ಕಲ್ಲುಗಳನ್ನು ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದಲೇ ಕರೆಯುತ್ತಾರೆ. ಕೆಲವೆಡೆ ಕಲ್ಲಿನಲ್ಲಿ, ಕೊಯ್ದ ಉಳ್ಳಾಗಡ್ಡಿಯಂತೆ ಒಂದರ ಮೇಲೊಂದು ಬಾಗಿದ ಪದರುಗಳು ಕಾಣುತ್ತವೆ. ಇವಕ್ಕೆ ಸ್ಟ್ರೊಮಟೊಲೈಟ್ ಎಂದು ಹೆಸರು. ಕಣ್ಣಿಗೆ ಕಾಣದಂಥ ಸೂಕ್ಷ್ಮ ಜೀವಿಗಳು ಕೆಸರನ್ನು ಹಿಡಿದು ಹಿಡಿದು ಕಟ್ಟಿದ ಮನೆಗಳಿವು. ಮೀನಿನ ಮುಳ್ಳು ಸಿಕ್ಕೀತೆಂದು ಹುಡುಕಿದವರಿಗೆ ನಿರಾಶೆಯೇ. ಆಗಿನ್ನೂ ಮೀನು ಹುಟ್ಟಿರಲಿಲ್ಲ. ಇಂದಿಗೂ ಕಡಲಿನ ಬಾಳು ನಿಂತಿರುವುದು ಇಂಥ ಸೂಕ್ಷ್ಮ ಜೀವಿಗಳ ಮೇಲೆಯೇ. ಮುಂಗಾರಿನ ಕಾಲಕ್ಕೆ ಪಶ್ಚಿಮ ಕರಾವಳಿಯಲ್ಲಿ ಆಳದ ತಂಪು ನೀರು ಮೇಲೇಳುತ್ತದೆ. ಅದರೊಡನೆ ಬಂದ ಸಾರವುಂಡು ತೇಲುಪಾಚಿ ಹುಲುಸಾಗಿ ಬೆಳೆಯುತ್ತದೆ. ತಾರ್ಲೆ, ಬಂಗಡೆಗಳ ಹಿಂಡು ಅದರ ಬೆನ್ನು ಹತ್ತಿ ಬರುತ್ತದೆ. ಹೊಲಕ್ಕೆ ಗೊಬ್ಬರ ಹಾಕುವ ಮನೆಯ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗುವುದಿಲ್ಲ.

ಇನ್ನು ಹವಾಮಾನ. ಪಾಠವೆಲ್ಲ ನಿಜವಾಗಿ ಇರುವುದು ಇಲ್ಲಿ. ಸಮೀರನೆಂದರೆ ಗಾಳಿ, ಊರಿನ ಹೆಸರಿನಿಂದಲೇ ಆರಂಭಿಸಬಹುದು. ಎರಡು ಡಬ್ಬಿಗಳಲ್ಲಿ ಒಂದಕ್ಕೆ ಮಣ್ಣು, ಒಂದಕ್ಕೆ ನೀರು ತುಂಬಿ ಬಿಸಿಲಿಗಿಡಿ. ಮಣ್ಣು ಬೇಗ ಕಾಯುತ್ತದೆ, ಸಂಜೆಗೆ ಬೇಗ ಆರುತ್ತದೆ. ನೀರು ಎರಡಕ್ಕೂ ನಿಧಾನ. ಬೇಸಿಗೆಯಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಾಗ, ಆ ಎಡೆಗೆ ಕಡಲ ಗಾಳಿ ತೇವ ಹೊತ್ತು ನುಗ್ಗುತ್ತದೆ. ಮುಂಗಾರಿಗೆ ಇದೊಂದೇ ಕಾರಣವಲ್ಲ, ಆದರೆ ಮೊದಲ ಮೆಟ್ಟಿಲಿಗೆ ಇಷ್ಟು ಸಾಕು.

ಆ ಗಾಳಿ ಸಹ್ಯಾದ್ರಿಯನ್ನು ಏರುವಾಗ ತನ್ನ ಹೊರೆಯನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಘಟ್ಟದ ಮೇಲಿನ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ನಮ್ಮ ಬಾಗಲಕೋಟೆ ಜಿಲ್ಲೆಗೆ ಸರಾಸರಿ 600 ಕೂಡ ಇಲ್ಲ. ಹಾಗಾದರೆ ಕಡಲು ನಮ್ಮ ಪಾಲು ಕೊಡಲಿಲ್ಲವೆ? ಕೊಟ್ಟಿದೆ, ಆದರೆ ಆಕಾಶದಿಂದಲ್ಲ, ನದಿಯಿಂದ. ಅಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುತ್ತದೆ; ಘಟಪ್ರಭೆ ಗೋಕಾಕದಲ್ಲಿ ಧುಮುಕಿ, ಮುಧೋಳದ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ಕಬ್ಬಿನ ಕಾಲುವೆಯ ನೀರು ಕೆಲವು ವಾರಗಳ ಹಿಂದೆ ಅರಬ್ಬೀ ಸಮುದ್ರವಾಗಿತ್ತು ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಕೃಷ್ಣೆಯ ಕಥೆಯಂತೂ ಇನ್ನೂ ಸೋಜಿಗ. ಪಶ್ಚಿಮ ಸಮುದ್ರಕ್ಕೆ ಅಷ್ಟು ಸಮೀಪ, ಮಹಾಬಳೇಶ್ವರದಲ್ಲಿ ಹುಟ್ಟಿ, ಸುಮಾರು 1400 ಕಿಲೋಮೀಟರ್ ನಡೆದು ಬಂಗಾಲ ಕೊಲ್ಲಿಗೆ ಹೋಗಿ ಬೀಳುತ್ತದೆ.

ಇದು ತಿಳಿಯದಿದ್ದರೆ ಆಗುವ ಹಾನಿಯನ್ನು ಈ ಭಾಗದ ಜನ ಅನುಭವಿಸಿದ್ದಾರೆ. 2019ರ ಆಗಸ್ಟಿನಲ್ಲಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಕಡೆ ನೀರು ಮನೆಗಳಿಗೆ ನುಗ್ಗಿದ್ದು ಇಲ್ಲಿ ಸುರಿದ ಮಳೆಯಿಂದಲ್ಲ, ಮೇಲೆ ಸಹ್ಯಾದ್ರಿಯಲ್ಲಿ ಸುರಿದ ಮಳೆಯಿಂದ. ತಲೆಯ ಮೇಲಿನ ಮೋಡವನ್ನಷ್ಟೇ ನೋಡಿ, "ಮಳಿ ನಿಂತೈತಿ, ಇನ್ನೇನ್ ಹೆದರಿಕಿಲ್ಲ" ಎಂದುಕೊಂಡರೆ ಮೋಸ. ಅದಕ್ಕೆ ಹತ್ತು ವರ್ಷ ಹಿಂದೆ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಬೇರೆಯದೇ ಬಗೆ. ಅಂದು ಬಂಗಾಲ ಕೊಲ್ಲಿಯ ವಾಯುಭಾರ ಕುಸಿತದಿಂದ ಬಂದ ಮಳೆ ಉತ್ತರ ಕರ್ನಾಟಕದ ನೆಲದ ಮೇಲೆಯೇ ಸುರಿಯಿತು. ಮಣ್ಣಿನ ಮಾಳಿಗೆಗಳು ಕುಸಿದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ಪ್ರವಾಹ ಪಡುವಣ ಕಡಲಿನದು, ಇನ್ನೊಂದು ಮೂಡಣ ಕಡಲಿನದು. 2023ರಲ್ಲಿ ದೂರದ ಪೆಸಿಫಿಕ್ ಸಾಗರದ ಮೇಲ್ನೀರು ಕಾದು ಎಲ್ ನಿನೊ ಎದ್ದ ವರ್ಷ, ರಾಜ್ಯದ ಬಹುಪಾಲು ತಾಲೂಕುಗಳಲ್ಲಿ ಬರ.

ರೇಡಿಯೊದಲ್ಲಿ "ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಎಂಬ ಎಚ್ಚರಿಕೆ ಬಂದಾಗ ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಹಾಕಿಕೊಳ್ಳುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಗೆರೆ ಹಾಕಿದ್ದೇವೆ. ಕೊಲ್ಲಿಯಲ್ಲಿ ಕುಸಿತವೆಂದು ಕೇಳಿದ ತಾರೀಖು ಎಡಕ್ಕೆ, ಊರಿನಲ್ಲಿ ಮಳೆ ಬಿದ್ದ ತಾರೀಖು ಬಲಕ್ಕೆ. ಬಲಗಡೆ ಎಷ್ಟೋ ಸಲ ಖಾಲಿ ಉಳಿಯುತ್ತದೆ. ಲೆಕ್ಕ ತಪ್ಪಿತೆಂದು ಆ ಹಾಳೆಯನ್ನು ಹರಿಯಹೊರಟ ಹುಡುಗನನ್ನು ತಡೆದು, ಖಾಲಿ ಇದ್ದುದನ್ನು ಖಾಲಿಯೇ ಬರೆದಿಡು ಎಂದೆ.