ಬೆಂಕಿಕಡ್ಡಿಯ ಚೌಕ ಯಾಕೆ ವಾಲುತ್ತೆ?

ವಾರವಿಡೀ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಭಾನುವಾರ ಬೆಳಿಗ್ಗೆ ಮಾತ್ರ ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸ್‌ನಲ್ಲಿ ಹನ್ನೊಂದು ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ.

ಮಕ್ಕಳಿಗೆ ಖುಷಿಯಿಂದ ಕಲಿಸಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ಆಗೋದೇನು? ಪಾಠ ಮುಗಿದ ಮೇಲೆ ಒಂದು ಹಾಡು, ಶನಿವಾರ ಒಂದು ಆಕ್ಟಿವಿಟಿ. ಪರೀಕ್ಷೆ ಮಾತ್ರ ಹಳೆಯದೇ. ಕಹಿ ಗುಳಿಗೆಗೆ ಬೆಲ್ಲ ಸವರಿದ ಹಾಗೆ. ಮಕ್ಕಳು ಜಾಣರು, ಬೆಲ್ಲ ನೆಕ್ಕಿ ಗುಳಿಗೆ ಉಗೀತಾರೆ.

ಅರವಿಂದ ಗುಪ್ತಾ ಅವರ ಹೆಸರು ನಿಮ್ಮಲ್ಲಿ ಹಲವರು ಕೇಳಿರ್ತೀರಿ, 2018ರಲ್ಲಿ ಪದ್ಮಶ್ರೀ ಬಂತು. ಅವರೂ ನಮ್ಮ ಹಾಗೆ ಇಂಜಿನಿಯರೇ. ಐಐಟಿ ಕಾನ್ಪುರದಲ್ಲಿ ಓದಿ ಇದೇ ಪುಣೆಯ ಟೆಲ್ಕೋದಲ್ಲಿ ಕೆಲಸಕ್ಕಿದ್ದವರು, 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್‌ಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ 1972ರಿಂದ ಮಕ್ಕಳು ವಿಜ್ಞಾನವನ್ನು ಕೈಯಾರೆ ಮಾಡಿ ನೋಡಿ ಕಲೀತಿದ್ದರು. ಗುಪ್ತಾ ಅವರು ಅಲ್ಲಿ ಹಿಡಿದದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬ್.

ಮನೇಲಿ ಮಾಡಿ ನೋಡಿ. ಕಡ್ಡಿಯ ಮದ್ದನ್ನು ದೊಡ್ಡವರೇ ಕೆರೆದು ತೆಗೀರಿ. ಟ್ಯೂಬನ್ನು ಸಣ್ಣ ತುಂಡು ಮಾಡಿ, ಎರಡು ಬದಿಗೂ ಒಂದೊಂದು ಕಡ್ಡಿ ತೂರಿಸಿ. ನಾಲ್ಕು ಕಡ್ಡಿ ಸೇರಿದರೆ ಚೌಕ. ಬೆರಳಿಂದ ತಳ್ಳಿದರೆ ವಾಲುತ್ತೆ. ಮೂರು ಕಡ್ಡಿಯ ತ್ರಿಕೋನ ವಾಲಲ್ಲ. ಹಾಗಾದರೆ ಚೌಕ ನಿಲ್ಲಿಸೋದು ಹೇಗೆ? ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ. ಅದೇ ಅಳತೆಯದು ಸಾಲಲ್ಲ. ಎಷ್ಟು ಉದ್ದ ಬೇಕು ಅಂತ ಮಗು ಕೇಳುವ ಹೊತ್ತಿಗೆ ಪೈಥಾಗೊರಸ್ ಬಾಗಿಲಿಗೆ ಬಂದು ನಿಂತಿರ್ತಾನೆ.

ಹೋಶಂಗಾಬಾದ್‌ನವರು ಪರೀಕ್ಷೆಯನ್ನೂ ಬದಲಿಸಿದರು. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, ಜೊತೆಗೆ ಪ್ರಯೋಗ ಮಾಡಿ ತೋರಿಸಬೇಕು. ನನ್ನ ಕಸುಬಿನವರಿಗೆ ಇದು ತಕ್ಷಣ ಅರ್ಥವಾಗುತ್ತೆ: ಏನನ್ನು ಟೆಸ್ಟ್ ಮಾಡ್ತೀವೋ ತಂಡ ಅದನ್ನೇ ಸರಿಮಾಡೋದು. ಬಾಯಿಪಾಠ ಕೇಳಿದರೆ ಮಕ್ಕಳು ಬಾಯಿಪಾಠವನ್ನೇ ಕೊಡ್ತಾರೆ. 16 ಶಾಲೆಗಳಲ್ಲಿ ಶುರುವಾಗಿ ಸಾವಿರದಷ್ಟು ಶಾಲೆ ಮುಟ್ಟಿದ ಈ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ನನಗಂತೂ ಇದು ಇವತ್ತಿಗೂ ಸಂಕಟ.

ನಮ್ಮ ಭಾನುವಾರದ ತರಗತಿಗೂ ಕಡ್ಡಿ ಬಂತು. ಮನೇಲಿ ಎಲ್ಲದಕ್ಕೂ ಇಂಗ್ಲಿಷಲ್ಲೇ ಉತ್ತರ ಕೊಡೋ ಹುಡುಗಿಯೊಬ್ಬಳು, "ಅಂಕಲ್, ಸೊಟ್ಟ ಆಯ್ತು, ಹಿಡ್ಕೊಳ್ಳಿ!" ಅಂತ ಕೂಗಿದಳು. ವಾಲು, ಸೊಟ್ಟ, ಬಿಗಿ, ಸಡಿಲ... ಇವನ್ನು ನಾನು ಬೋರ್ಡ್ ಮೇಲೆ ಬರೆದೇ ಇರಲಿಲ್ಲ.

"ಮಾತು ಸರಿ, ಬರೆಯೋಕೆ ಬರುತ್ತಾ?" ಅಂದರು ಒಬ್ಬ ಅಪ್ಪ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈಗ ಡಿಕ್ಟೇಶನ್ ಬದಲು ಹೊಸ ಪರೀಕ್ಷೆ: ನಿನ್ನ ಮಾದರಿ ಮಾಡೋದು ಹೇಗೆ ಅಂತ ಚೀಟಿಯಲ್ಲಿ ಬರೆ. ಇನ್ನೊಬ್ಬರು ಅದನ್ನಷ್ಟೇ ಓದಿ ಕಟ್ಟಬೇಕು. ಕಟ್ಟಿದರೆ ಇಬ್ಬರೂ ಪಾಸ್. ಕಳೆದ ವಾರ ಒಬ್ಬ ‘ಮೂರು ಕಡ್ಡಿ’ ಬದಲು ‘ಮುರು ಕಡ್ಡಿ’ ಅಂತ ಬರೆದಿದ್ದ. ಓದಿದವಳು ‘ಮುರಿ’ ಅಂದ್ಕೊಂಡು ಕಡ್ಡಿಯನ್ನು ಲಟಕ್ ಅಂತ ಮುರಿದೇಬಿಟ್ಟಳು. ದೀರ್ಘ ಯಾಕೆ ಬೇಕು ಅಂತ ಅವತ್ತು ಯಾರೂ ಕೇಳಲಿಲ್ಲ.